ಬಿಸಿಲೇರಿದಾಗಲೇ ಸೋಲಾರ್ ನಿಂತರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬೆಳಗ್ಗೆ ಎಂಟಕ್ಕೆ ಎಲ್ಲ ಸರಿಯಾಗಿಯೇ ಶುರುವಾಗುತ್ತದೆ. ಹತ್ತೂವರೆ ಹೊತ್ತಿಗೆ ಬಿಸಿಲು ಏರಿದೆ, ಮೋಡ ಇಲ್ಲ, ಪ್ಯಾನೆಲ್ ಮೊನ್ನೆಯಷ್ಟೇ ತೊಳೆದಿದೆ. ಇನ್ನೇನು ಒಳ್ಳೆ ಯೂನಿಟ್ ಬರಬೇಕು ಅನ್ನುವಾಗ ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡಿ ಲೈನಿಗೆ ಕೊಡುವ ಇನ್ವರ್ಟರ್‌ನ ಹಸಿರು ದೀಪ ಆರಿ ಕೆಂಪು ದೀಪ ಹತ್ತುತ್ತದೆ. ಒಂದೆರಡು ನಿಮಿಷಕ್ಕೆ ತಾನಾಗಿಯೇ ಮತ್ತೆ ಶುರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ಮೂರು ಗಂಟೆ ಮೇಲೆ ಬಿಸಿಲು ಇಳಿದಾಗ ಏನೂ ತೊಂದರೆ ಇಲ್ಲದೆ ಸಂಜೆವರೆಗೆ ಓಡುತ್ತದೆ.

ನಾನು ವೈರಿಂಗ್ ಕಂಟ್ರಾಕ್ಟರ್. ಈಚೆಗೆ ನನಗೆ ಬರುವ ಸೋಲಾರ್ ದೂರುಗಳಲ್ಲಿ ಇದೇ ಜಾಸ್ತಿ. ಕರೆದವರು ಇನ್ವರ್ಟರ್ ಕೆಟ್ಟಿದೆ ಎಂದೇ ನಂಬಿರುತ್ತಾರೆ. ಕೆಲವರು ಒಮ್ಮೆ ಬದಲಿಸಿಯೂ ಆಗಿರುತ್ತದೆ. ಹೊಸದೂ ಹಾಗೇ ಮಾಡುತ್ತದೆ. ಯಾಕೆಂದರೆ ಇನ್ವರ್ಟರ್ ಕೆಟ್ಟಿರಲಿಲ್ಲ. ಲೈನಿನಲ್ಲಿ ವೋಲ್ಟೇಜ್ ಮೇಲೆ ಹೋಗಿದೆ, ಅದನ್ನು ನೋಡಿ ಅದು ಹಿಂದೆ ಸರಿಯುತ್ತಿದೆ. ಹಾಗೆ ಸರಿಯುವುದೇ ಅದರ ಕೆಲಸ. ವೋಲ್ಟೇಜ್ ಎಲ್ಲಿ ಏರುತ್ತಿದೆ, ಎಷ್ಟು ಏರುತ್ತಿದೆ ಎಂದು ಕಂಡುಹಿಡಿಯದೆ ಯಾವ ಸಾಮಾನು ಬದಲಿಸಿದರೂ ದುಡ್ಡು ದಂಡ. ಅದನ್ನು ಕಂಡುಹಿಡಿಯುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇರೆ ದೋಷ ಅಲ್ಲ ಎಂದು ಖಚಿತ ಮಾಡಿಕೊಳ್ಳಿ

ಇನ್ವರ್ಟರ್ ನಿಂತಾಗ ಪರದೆಯಲ್ಲಿ ಅಥವಾ ಆ್ಯಪ್‌ನಲ್ಲಿ ಒಂದು ಸಂದೇಶ ಇರುತ್ತದೆ. ಅದನ್ನು ಹಾಗೇ ಬರೆದುಕೊಳ್ಳಿ, ಗಂಟೆಯನ್ನೂ ಬರೆಯಿರಿ. ಗ್ರಿಡ್ ಓವರ್ ವೋಲ್ಟೇಜ್, ಎಸಿ ವೋಲ್ಟೇಜ್ ಹೈ ಎಂಬಂಥದ್ದು ಇದ್ದರೆ ಈ ಬರಹ ನಿಮಗಾಗಿಯೇ.

ಐಸೊಲೇಷನ್ ಅಥವಾ ಇನ್ಸುಲೇಷನ್ ಎಂದಿದ್ದರೆ ಅದು ಬೇರೆ ಕಥೆ. ಮಳೆ ಬಂದ ಮರುದಿನ, ಇಬ್ಬನಿ ಬಿದ್ದ ಬೆಳಗ್ಗೆ ಬರುವ ದೋಷ ಅದು. ಪ್ಯಾನೆಲ್ ಕಡೆಯ ವೈರ್ ಎಲ್ಲೋ ಸುಲಿದಿದೆ ಅಥವಾ ಕನೆಕ್ಟರ್ ಒಳಗೆ ನೀರು ಹೋಗಿದೆ. ಆ ಕಡೆ ನೂರಾರು ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವವರೆಗೆ ಅದನ್ನು ಆರಿಸಲು ಆಗುವುದಿಲ್ಲ. ಮುಟ್ಟಬೇಡಿ, ಹಾಕಿದವರನ್ನೇ ಕರೆಸಿ.

ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುತ್ತದೆ ಎಂದು ಕೆಲವರು ದೂರು ಕೊಡುತ್ತಾರೆ. ಬ್ಯಾಟರಿ ಇಲ್ಲದೆ ನೇರ ಕಂಬದ ಲೈನಿಗೆ ಜೋಡಿಸಿದ ಆನ್ ಗ್ರಿಡ್ ವ್ಯವಸ್ಥೆಯಲ್ಲಿ ಅದು ದೋಷವೇ ಅಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು, ಅಲ್ವಾ? ಅದಕ್ಕೇ ಹಾಗೆ ಮಾಡಿದ್ದಾರೆ.

ಫ್ರೀಕ್ವೆನ್ಸಿ ಎಂಬ ಸಂದೇಶ ಬಂದರೆ ಮನೆಯಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ಜನರೇಟರ್ ಓಡುತ್ತಿತ್ತೇ ನೋಡಿ. ಸಾಮಾನ್ಯವಾಗಿ ಕಾರಣ ಅಲ್ಲೇ ಸಿಗುತ್ತದೆ.

ಇನ್ನೊಂದಿದೆ, ಅದು ಅಪಾಯದ್ದು. ಮನೆಯ ಕೆಲವು ಲೈಟು ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿ, ಬೇರೆ ಕೆಲವು ಮಂಕಾಗುತ್ತವೆಯೇ? ಗೀಸರ್ ಹಾಕಿದ ಕೂಡಲೇ ಫ್ಯಾನ್ ಜೋರಾಗುತ್ತದೆಯೇ? ಹಾಗಿದ್ದರೆ ನ್ಯೂಟ್ರಲ್ ಸಡಿಲಾಗಿದೆ ಅಥವಾ ಕಟ್ಟಾಗಿದೆ. ತ್ರೀ ಫೇಸ್ ಮನೆಯಲ್ಲಿ ಒಂದು ಫೇಸ್‌ನ ವೋಲ್ಟೇಜ್ ಆಗ 400ರ ಹತ್ತಿರ ಹೋಗಬಹುದು. ಅಳೆಯುತ್ತಾ ಕೂರಬೇಡಿ. ಮೇನ್ ಆಫ್ ಮಾಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಗ್ರಾಫ್ ಓದಿ

ಆ್ಯಪ್‌ನಲ್ಲಿ ದಿನದ ಉತ್ಪಾದನೆಯ ಗೆರೆ ಸಿಗುತ್ತದೆ. ಮೋಡ ಇಲ್ಲದ ದಿನದ್ದನ್ನು ತೆಗೆಯಿರಿ. ಅದು ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯಬೇಕು. ಗುಡ್ಡದ ನೆತ್ತಿಯಲ್ಲಿ ಗರಗಸದ ಹಲ್ಲಿನ ಹಾಗೆ ಏರಿಳಿತ ಇದ್ದರೆ ಇನ್ವರ್ಟರ್ ಬೀಳುತ್ತಾ ಏಳುತ್ತಾ ಇದೆ ಎಂದರ್ಥ.

ನೆತ್ತಿ ಚಪ್ಪಟೆ ಇದ್ದರೆ ಎರಡು ಸಾಧ್ಯತೆ. 5 ಕಿಲೋವ್ಯಾಟ್ ಇನ್ವರ್ಟರ್ ಸರಿಯಾಗಿ 5ರಲ್ಲೇ ಚಪ್ಪಟೆಯಾಗಿದ್ದರೆ ಪ್ಯಾನೆಲ್ ಸ್ವಲ್ಪ ಜಾಸ್ತಿ ಹಾಕಿದ್ದಾರೆ, ಚಿಂತೆ ಇಲ್ಲ. 3ರಲ್ಲೋ ಮೂರೂವರೆಯಲ್ಲೋ ಚಪ್ಪಟೆಯಾಗಿದ್ದರೆ ಅದೇ ವೋಲ್ಟೇಜ್ ದೋಷ ಮೌನವಾಗಿ ಕೂತಿದೆ. ಈಗಿನ ಕೆಲವು ಇನ್ವರ್ಟರ್‌ಗಳು ಪೂರ್ತಿ ನಿಲ್ಲುವ ಬದಲು ಉತ್ಪಾದನೆ ಇಳಿಸಿಕೊಂಡು ಓಡುತ್ತವೆ. ಕೆಂಪು ದೀಪ ಹತ್ತುವುದಿಲ್ಲ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ಯೂನಿಟ್ ಕಳೆದುಕೊಂಡವರನ್ನು ನೋಡಿದ್ದೇನೆ.

253 ಎಂಬ ಗೆರೆ

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಎಲ್‌ಟಿ ಲೈನಿಗೆ, ಅಂದರೆ ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ಲೈನಿಗೆ, ಶೇ 6ರಷ್ಟು ಹೆಚ್ಚು ಕಡಿಮೆ ಇರಬಹುದು ಎಂದಿತ್ತು. ಆ ಲೆಕ್ಕದಲ್ಲಿ 216ರಿಂದ 244 ವೋಲ್ಟ್‌ವರೆಗೆ ಸರಿ. ಇನ್ನೊಂದು ಕಡೆ, ಸಣ್ಣ ಉತ್ಪಾದಕರನ್ನು ಲೈನಿಗೆ ಜೋಡಿಸಲು ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ತಂದ ನಿಯಮ ಇದೆ. ಅದರ ಪ್ರಕಾರ ವೋಲ್ಟೇಜ್ ಶೇ 110 ದಾಟಿದರೆ 2 ಸೆಕೆಂಡ್ ಒಳಗೆ ಇನ್ವರ್ಟರ್ ಲೈನ್ ಬಿಡಬೇಕು. ಶೇ 110 ಅಂದರೆ 253 ವೋಲ್ಟ್. ಮತ್ತೆ ಸೇರುವ ಮುಂಚೆ ಲೈನ್ ಕನಿಷ್ಠ 60 ಸೆಕೆಂಡ್ ಸರಿಯಾಗಿರಬೇಕು. ಬಿದ್ದ ಮೇಲೆ ಒಂದೆರಡು ನಿಮಿಷ ಕಾಯುವುದು ಇದಕ್ಕೇ.

ಈಗ ಊರಿನ ಟಿಸಿ ನೋಡಿ. ಕಂಬದ ಮೇಲೆ ಕೂತ ಟ್ರಾನ್ಸ್‌ಫಾರ್ಮರ್‌ನ ತಗಡಿನ ಮೇಲೆ 11000/433 ಎಂದು ಕೊರೆದಿರುತ್ತದೆ. 433 ಎಂಬುದು ಫೇಸ್ ಫೇಸ್ ನಡುವಿನ ವೋಲ್ಟೇಜ್. ಒಂದು ಫೇಸ್‌ಗೆ ಲೆಕ್ಕ ಹಾಕಿದರೆ 250 ಆಗುತ್ತದೆ. ಅಂದರೆ ಹೊರೆ ಇಲ್ಲದಾಗ ಟಿಸಿಯೇ 250 ಕೊಡುತ್ತದೆ. ಇನ್ವರ್ಟರ್‌ನ ಗೆರೆಗೆ ಉಳಿದಿರುವುದು 3 ವೋಲ್ಟ್.

ಇದನ್ನು ಮಾಡಿದವರು ತಪ್ಪು ಮಾಡಿರಲಿಲ್ಲ. ಕೆರೆ ಕಾಲುವೆಯನ್ನು ನೆನೆಸಿಕೊಳ್ಳಿ. ಕೊನೆಯ ಗದ್ದೆಗೆ ನೀರು ಮುಟ್ಟಬೇಕಾದರೆ ತೂಬಿನ ಹತ್ತಿರ ಮಟ್ಟ ಮೇಲಿರಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೊರಟಾಗಿನಿಂದ ನಮ್ಮ ಲೈನುಗಳೆಲ್ಲ ಒಂದೇ ದಿಕ್ಕಿನವು. ಮೇಲಿಂದ ಕೆಳಗೆ, ಟಿಸಿಯಿಂದ ಮನೆಗೆ. ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ ಎಂದು ಗೊತ್ತಿದ್ದೇ ಟಿಸಿಯಲ್ಲಿ ಮೇಲಿಟ್ಟರು.

ಈಗ ಕೊನೆಯ ಗದ್ದೆಯವನೇ ಕಾಲುವೆಗೆ ನೀರು ಬಿಡಲು ಶುರು ಮಾಡಿದ್ದಾನೆ. ಹಿಮ್ಮುಖವಾಗಿ ಹರಿಯಬೇಕಾದರೆ ಅವನ ಕಡೆಯ ಮಟ್ಟ ತೂಬಿಗಿಂತ ಮೇಲಾಗಬೇಕು. ಕಾಲುವೆ ಕಿರಿದಾದಷ್ಟೂ ಇನ್ನೂ ಮೇಲಾಗಬೇಕು. ಸಣ್ಣ ವೈರ್, ಉದ್ದದ ಲೈನ್, ಸಡಿಲ ಜಾಯಿಂಟ್ ಇವೆಲ್ಲ ಕಿರಿದಾದ ಕಾಲುವೆಗಳೇ.

ಅಳೆಯುವ ಕ್ರಮ

ಒಂದು ಒಳ್ಳೆ ಮಲ್ಟಿಮೀಟರ್, ಒಂದು ಕ್ಲಾಂಪ್ ಮೀಟರ್, ಒಂದು ನೋಟ್‌ಬುಕ್ ಸಾಕು. ಅಳತೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮೀಟರ್ ಸೀಲ್ ಮುಟ್ಟುವಂತಿಲ್ಲ. ಮೀಟರ್ ಪರದೆಯಲ್ಲೇ ವೋಲ್ಟೇಜ್ ತೋರಿಸುವುದಾದರೆ ಅದನ್ನು ಓದಿ, ಇಲ್ಲದಿದ್ದರೆ ಮೀಟರ್ ದಾಟಿದ ಮೇಲಿನ ಮೇನ್ ಸ್ವಿಚ್‌ನಲ್ಲಿ ಅಳೆಯಿರಿ.

ಅಳೆಯಬೇಕಾದ ಜಾಗ ಮೂರು. ಇನ್ವರ್ಟರ್‌ನ ಎಸಿ ತುದಿ, ಮೀಟರ್, ಕಂಬ. ಕಂಬದ್ದನ್ನು ಲೈನ್‌ಮ್ಯಾನ್ ಮಾತ್ರ ಅಳೆಯಬೇಕು. ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಹತ್ತಬಾರದು.

ಬಿಸಿಲು ಜೋರಿರುವ ಹೊತ್ತಿನಲ್ಲಿ ಇನ್ವರ್ಟರ್ ಆನ್ ಇಟ್ಟು ಮೂರೂ ಕಡೆ ಅಳೆಯಿರಿ. ಹೊರಗೆ ಹೋಗುತ್ತಿರುವ ಕರೆಂಟ್ ಎಷ್ಟು ಆಂಪಿಯರ್ ಎಂದು ಕ್ಲಾಂಪ್ ಮೀಟರ್‌ನಲ್ಲಿ ನೋಡಿ. ಕೂಡಲೇ ಇನ್ವರ್ಟರ್ ಆಫ್ ಮಾಡಿ ಮತ್ತೊಮ್ಮೆ ಅಳೆಯಿರಿ. ಬಹಳ ಜನ ತಪ್ಪುವುದು ಇಲ್ಲೇ. ಆನ್ ಇದ್ದಾಗಿನ ಅಂಕಿ ಒಂದೇ ಇಟ್ಟುಕೊಂಡು ಲೈನಿನಲ್ಲಿ 252 ಬರುತ್ತಿದೆ ಎನ್ನುತ್ತಾರೆ. ಅದರಲ್ಲಿ ಲೈನಿನ ಪಾಲೆಷ್ಟು, ನಿಮ್ಮ ಇನ್ವರ್ಟರ್ ಎಬ್ಬಿಸಿದ್ದೆಷ್ಟು ಎಂದು ಬೇರೆ ಮಾಡಲು ಆಫ್ ಮಾಡಿದ ಅಳತೆ ಬೇಕೇ ಬೇಕು.

ಆಮೇಲೆ ಬೆಳಗ್ಗೆ ಆರಕ್ಕೆ ಒಂದು, ಸಂಜೆ ಏಳೂವರೆಗೆ ಒಂದು ಅಳತೆ. ಒಂದು ವಾರ ಹೀಗೆ ಬರೆಯಿರಿ. ಹಳ್ಳಿಯಾದರೆ ಪಕ್ಕದಲ್ಲಿ ತ್ರೀ ಫೇಸ್ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದೂ ಬರೆಯಿರಿ. ಮನೆ ಪಂಪ್‌ಸೆಟ್ ಲೈನಿನಲ್ಲೇ ಇದ್ದರೆ, ಮೋಟರುಗಳು ಓಡುವಾಗ ವೋಲ್ಟೇಜ್ ಕೆಳಗಿರುತ್ತದೆ, ನಿಂತ ಕೂಡಲೇ ಮೇಲೇಳುತ್ತದೆ. ಇನ್ವರ್ಟರ್ ಬೀಳುವ ಹೊತ್ತು ಅದಕ್ಕೆ ಹೊಂದಿಕೊಂಡಿರುವುದು ನಿಮಗೇ ಕಾಣುತ್ತದೆ.

ಒಂದು ತೋಟದ ಮನೆಯ ಲೆಕ್ಕ

ಬಯಲುಸೀಮೆಯ ಒಂದು ತೆಂಗಿನ ತೋಟದ ಮನೆ. 5 ಕಿಲೋವ್ಯಾಟ್, ಸಿಂಗಲ್ ಫೇಸ್. ಸಾಲ ಮಾಡಿ ಹಾಕಿಸಿದ್ದರು. 2 ಕಿಲೋವ್ಯಾಟ್ ದಾಟಿ ಸ್ವಲ್ಪಕ್ಕೇ ಬೀಳುತ್ತಿತ್ತು. "ಸಾರ್, ಬಿಸಿಲಿಲ್ಲದ ದಿನವೇ ಚೆನ್ನಾಗಿ ಓಡುತ್ತೆ" ಎಂದು ಮನೆಯ ಯಜಮಾನರು ಹೇಳಿದಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಮಧ್ಯಾಹ್ನ ಆಫ್ ಮಾಡಿ ಅಳೆದೆ, 243. ಆನ್ ಮಾಡಿ 8 ಆಂಪಿಯರ್ ಹೊರಗೆ ಹೋಗುವಾಗ ಇನ್ವರ್ಟರ್ ತುದಿಯಲ್ಲಿ 252, ಮೀಟರಿನಲ್ಲಿ 250.5. ಲೈನ್‌ಮ್ಯಾನ್ ಕಂಬದಲ್ಲಿ ಅಳೆದು ಹೇಳಿದ್ದು 245. ಸಂಜೆ ಏಳೂವರೆಗೆ ಅದೇ ಮನೆಯಲ್ಲಿ 207. ಈ ಕೊನೆಯ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಹಡಿಯಿಂದ ಮೀಟರಿಗೆ 20 ಮೀಟರ್ ದೂರ, 4 ಚದರ ಮಿಲಿಮೀಟರ್ ತಾಮ್ರದ ವೈರ್. ಹೋಗಿ ಬರುವುದು ಸೇರಿ 40 ಮೀಟರ್. ಈ ವೈರಿನ ತಡೆ (ರೆಸಿಸ್ಟೆನ್ಸ್) ಕಿಲೋಮೀಟರಿಗೆ 4.61 ಓಂ, ಅಂದರೆ ಒಟ್ಟು 0.18 ಓಂ. ಆಂಪಿಯರನ್ನು ಓಂನಿಂದ ಗುಣಿಸಿದರೆ ವೋಲ್ಟ್ ಸಿಗುತ್ತದೆ, 8 ಆಂಪಿಯರ್‌ಗೆ ಒಂದೂವರೆ ವೋಲ್ಟ್. ಅಳೆದದ್ದೂ ಅಷ್ಟೇ. ಅಲ್ಲಿ ಜಾಯಿಂಟ್ ದೋಷ ಇಲ್ಲ.

ಕಂಬದಿಂದ ಮೀಟರಿಗೆ 30 ಮೀಟರ್, 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸರ್ವೀಸ್ ವೈರ್. ಎರಡು ಬಲ್ಬು, ಒಂದು ಟಿವಿ ಇದ್ದ ಕಾಲದಲ್ಲಿ ಎಳೆದದ್ದು. ಕಿಲೋಮೀಟರಿಗೆ 7.41 ಓಂ, 60 ಮೀಟರಿಗೆ 0.44. 8 ಆಂಪಿಯರ್‌ಗೆ ಮೂರೂವರೆ ವೋಲ್ಟ್ ಬರಬೇಕು. ಅಳತೆಯಲ್ಲಿ ಬಂದದ್ದು ಐದೂವರೆ. ಉಳಿದ 2 ವೋಲ್ಟ್ ಎಲ್ಲಿ ಹೋಯಿತು?

ಲೆಕ್ಕಕ್ಕಿಂತ ಅಳತೆ ಜಾಸ್ತಿ ಬಂದರೆ ಜಾಯಿಂಟ್ ಹುಡುಕಿ. ನಾನು ಕಲಿತ ಅತ್ಯಂತ ಉಪಯೋಗದ ಪಾಠ ಇದು. ಲೈನ್ ಆಫ್ ಮಾಡಿಸಿ ಲೈನ್‌ಮ್ಯಾನ್ ಕಂಬದ ಮೇಲಿನ ಜಾಯಿಂಟ್ ಬಿಚ್ಚಿದ. ವೈರನ್ನು ಸುಮ್ನೆ ಸುತ್ತಿ ಬಿಟ್ಟಿದ್ದರು. ಕಪ್ಪಾಗಿ ಕಾರ್ಬನ್ ಹಿಡಿದಿತ್ತು. ಹಾಗೇ ಬಿಟ್ಟಿದ್ದರೆ ಒಂದು ದಿನ ಸುಟ್ಟು ಬೀಳುತ್ತಿತ್ತು.

ಆಮೇಲೆ ಮಾಡಿದ್ದು ಹೀಗೆ. ಸರ್ವೀಸ್ ವೈರ್ ತೆಗೆದು 16 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ ಎಳೆಸಿದೆವು. ಅದು ಕಿಲೋಮೀಟರಿಗೆ 1.91 ಓಂ ಮಾತ್ರ. ಮಹಡಿಯಿಂದ ಬರುವ ವೈರನ್ನು 10 ಚದರ ಮಿಲಿಮೀಟರ್ ತಾಮ್ರಕ್ಕೆ ಬದಲಿಸಿದೆವು. ಕಂಬದಲ್ಲಿ ಸರಿಯಾದ ಕನೆಕ್ಟರ್ ಹಾಕಿ ಬಿಗಿಸಿದರು. ಈಗ ಪೂರ್ತಿ 5 ಕಿಲೋವ್ಯಾಟ್, ಅಂದರೆ 20 ಆಂಪಿಯರ್ ಹರಿದರೂ ಈ ವೈರುಗಳದ್ದು, ಕಂಬದಾಚೆಯ ಲೈನಿನದ್ದು ಎಲ್ಲ ಸೇರಿ ಏರಿಕೆ ಸುಮಾರು 9 ವೋಲ್ಟ್. 243ಕ್ಕೆ 9 ಸೇರಿಸಿದರೆ 252. ಗೆರೆಗಿಂತ ಒಂದೇ ವೋಲ್ಟ್ ಕೆಳಗೆ. ಇನ್ವರ್ಟರ್ ಓಡಿತು, ಆದರೆ ನನಗೆ ಸಮಾಧಾನ ಆಗಲಿಲ್ಲ. ಪಕ್ಕದ ತೋಟದವರು ಇನ್ನೊಂದು ಹಾಕಿಸಿದರೆ ಮತ್ತೆ ಅದೇ ಹಾಡು.

ಒಂದು ಎಚ್ಚರಿಕೆ. ಅಲ್ಯೂಮಿನಿಯಂ ವೈರನ್ನು ತಾಮ್ರದ ಟರ್ಮಿನಲ್‌ಗೆ ನೇರವಾಗಿ ಸಿಕ್ಕಿಸಬೇಡಿ. ಎರಡು ಲೋಹ ಸೇರುವಲ್ಲಿ ಅದಕ್ಕೆಂದೇ ಬರುವ ಲಗ್ ಬೇಕು. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಮತ್ತೆ ಕಪ್ಪು ಹಿಡಿಯುತ್ತದೆ.

ದೋಷ ಲೈನಿನದ್ದೇ ಆದಾಗ

ಆಫ್ ಮಾಡಿದ ಮೇಲೂ ಮಧ್ಯಾಹ್ನ 243, 245 ಇದ್ದರೆ ನಿಮ್ಮ ಮನೆಯೊಳಗೆ ಮಾಡುವ ಕೆಲಸ ಅರ್ಧ ಪರಿಹಾರ ಮಾತ್ರ. ಆಗ ಟಿಸಿ ಕಡೆ ನೋಡಬೇಕು.

ಮೊದಲು ಫೇಸ್. ಈ ತೋಟದ ಮನೆಯ ಲೈನಿನಲ್ಲಿ ಇನ್ನೆರಡು ಸೋಲಾರ್ ಇದ್ದವು. ಲೈನಿನ ಮೂರು ಫೇಸ್‌ಗಳಿಗೆ ಆರ್, ವೈ, ಬಿ ಎಂದು ಹೆಸರು. ಮೂರೂ ಸೋಲಾರ್ ಆರ್ ಫೇಸ್‌ನಲ್ಲೇ ಇದ್ದವು. ಬೇಕೆಂದು ಮಾಡಿದ್ದಲ್ಲ, ಕಂಬದಲ್ಲಿ ಕೈಗೆ ಸಿಕ್ಕ ವೈರಿಗೆ ಜೋಡಿಸಿದ್ದು. ಒಂದೇ ಫೇಸ್‌ನಲ್ಲಿ ಎಲ್ಲ ಸೇರಿದರೆ ಅಷ್ಟೂ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು, ಏರಿಕೆ ಎರಡೂ ವೈರಿನಲ್ಲಿ ಆಗುತ್ತದೆ. ಮೂರು ಫೇಸ್‌ಗೆ ಹಂಚಿದರೆ ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಲೈನ್‌ಮ್ಯಾನ್ ಒಂದನ್ನು ಬಿ ಫೇಸ್‌ಗೆ ಬದಲಿಸಿದ ಮೇಲೆ 243 ಇದ್ದದ್ದು 239 ಆಯಿತು. ಖರ್ಚೇ ಇಲ್ಲದ ಕೆಲಸ. ಮನೆಗೆ ತ್ರೀ ಫೇಸ್ ಮೀಟರ್ ಇದ್ದರೆ ಮೊದಲಿನಿಂದಲೇ ತ್ರೀ ಫೇಸ್ ಇನ್ವರ್ಟರ್ ಕೇಳಿ.

ಎರಡನೆಯದು ಟ್ಯಾಪ್. ಕೆಲವು ಟಿಸಿಗಳಲ್ಲಿ ವೋಲ್ಟೇಜನ್ನು ಶೇ 2.5ರ ಮೆಟ್ಟಿಲಲ್ಲಿ ಇಳಿಸಿ ಏರಿಸಲು ಟ್ಯಾಪ್ ಇರುತ್ತದೆ. ಒಂದು ಮೆಟ್ಟಿಲಿಗೆ ಸುಮಾರು 6 ವೋಲ್ಟ್. ಚಿಕ್ಕ ಟಿಸಿಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಇದ್ದರೂ ಟಿಸಿ ಪೂರ್ತಿ ಆಫ್ ಮಾಡಿಯೇ ಬದಲಿಸಬೇಕು. ದಿನಕ್ಕೆರಡು ಸಲ ತಿರುಗಿಸುವ ಸಾಮಾನಲ್ಲ ಅದು.

ಈಗ ಆ 207 ನೆನಪಿಸಿಕೊಳ್ಳಿ. ಮಧ್ಯಾಹ್ನಕ್ಕೆ ಒಳ್ಳೆಯದೆಂದು ಟ್ಯಾಪ್ ಒಂದು ಮೆಟ್ಟಿಲು ಇಳಿಸಿದರೆ ಸಂಜೆ ಇದೇ ಮನೆಯಲ್ಲಿ 201, 202 ಬರುತ್ತದೆ. ಸೋಲಾರ್ ಇಲ್ಲದ ಮನೆಯವರ ಫ್ರಿಜ್ ಒದ್ದಾಡುತ್ತದೆ, ಫ್ಯಾನ್ ತೆವಳುತ್ತದೆ. ಅವರು ಮಾಡಿದ ತಪ್ಪೇನು? ಅದಕ್ಕೆ ಅಲ್ಲಿ ಟ್ಯಾಪ್ ಮುಟ್ಟಬೇಡಿ ಎಂದು ನಾನೇ ಹೇಳಿದೆ. ನನ್ನನ್ನು ಕರೆದವರ ಕೆಲಸ ಮಾಡಿಕೊಡಬೇಕು, ನಿಜ. ಆದರೆ ಒಂದೇ ಟಿಸಿಯ ಕೆಳಗೆ ಎಲ್ಲರೂ ಬದುಕಬೇಕಲ್ಲ.

ಒಂದೇ ಲೈನಿಗೆ ಮಧ್ಯಾಹ್ನ ಒಂದು ಮುಖ, ರಾತ್ರಿ ಇನ್ನೊಂದು ಮುಖ. ಲೈನ್ ಎಳೆಯುವಾಗ ಸಂಜೆಯ ದೊಡ್ಡ ಹೊರೆ ಒಂದನ್ನೇ ಲೆಕ್ಕ ಹಾಕುವ ಪದ್ಧತಿ ಇನ್ನು ಸಾಲದು. ಹೊರೆ ಕಡಿಮೆ, ಬಿಸಿಲು ಪೂರ್ತಿ ಇರುವ ಭಾನುವಾರದ ಮಧ್ಯಾಹ್ನವನ್ನೂ ಲೆಕ್ಕ ಹಾಕಬೇಕು. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್. ಅದಕ್ಕೆ ಬೇರೆಯೇ ಸಬ್‌ಸ್ಟೇಷನ್, ದೊಡ್ಡ ಲೈನ್, ಹಗಲಿರುಳು ನೋಡುವ ಎಂಜಿನಿಯರುಗಳು ಇದ್ದಾರೆ. ಹಳ್ಳಿಯ ಟಿಸಿ ಕೆಳಗಿನ ಮೂರು ಮನೆಯ ಸೋಲಾರ್ ಕಡೆ ಯಾರ ಕಣ್ಣೂ ಇಲ್ಲ. ಆದರೆ ಮನೆ ಮೇಲಿನ ಸೋಲಾರ್ ಬೇಗ ಬೇಗ ಏರುತ್ತಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಅದೇ ವರ್ಷ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಲೈನ್ ತಾಳುತ್ತದೆಯೇ ಎಂಬ ಪರಿಶೀಲನೆ ಬೇಕಿಲ್ಲ. ಜನರಿಗೆ ಓಡಾಟ ತಪ್ಪಿತು, ಅದು ಒಳ್ಳೆಯದೇ. ಆದರೆ ಮುಂಚೆ ನೋಡದೆ ಬಿಟ್ಟದ್ದನ್ನು ಆಮೇಲಾದರೂ ನೋಡಲೇಬೇಕು. ಟಿಸಿಗೊಂದು ಅಳತೆ ಮೀಟರ್, ಯಾವ ಮನೆ ಯಾವ ಫೇಸ್‌ನಲ್ಲಿದೆ ಎಂಬ ಪಟ್ಟಿ, ವರ್ಷಕ್ಕೊಮ್ಮೆ ಹಂಚಿಕೆ ಸರಿಮಾಡುವುದು. ಇಷ್ಟು ಮಾಡಿದರೂ ನನ್ನಂಥವರಿಗೆ ಬರುವ ಫೋನು ಎಷ್ಟೋ ಕಡಿಮೆಯಾಗುತ್ತದೆ.

ವೋಲ್ಟೇಜ್ ಮೇಲೇರುವುದು ಹಳ್ಳಿಯ ಸಣ್ಣ ತೊಂದರೆ ಎಂದು ತಿಳಿಯಬೇಡಿ. 2025ರ ಏಪ್ರಿಲ್ 28ರಂದು ಸ್ಪೇನ್ ಸಮಯ ಮಧ್ಯಾಹ್ನ 12.33ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಕರೆಂಟ್ ಹೋಯಿತು. ತನಿಖೆ ಮಾಡಿದ ಯುರೋಪಿನ ತಜ್ಞರು ಕಂಡದ್ದು, ಒಂದರ ಹಿಂದೆ ಒಂದು ಏರುತ್ತಾ ಹೋದ ವೋಲ್ಟೇಜ್. ಒಂದು ವ್ಯತ್ಯಾಸ ಇದೆ. ನಮ್ಮ ಎಲ್‌ಟಿ ಲೈನಿನಲ್ಲಿ ಇನ್ವರ್ಟರ್ ಬಿದ್ದರೆ ವೋಲ್ಟೇಜ್ ಇಳಿಯುತ್ತದೆ, ದೋಷ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿನ ದೊಡ್ಡ ಲೈನುಗಳಲ್ಲಿ ಒಂದೊಂದು ಸ್ಥಾವರ ಬಿದ್ದಾಗಲೂ ಲೈನಿನ ಹೊರೆ ಇಳಿದು ವೋಲ್ಟೇಜ್ ಇನ್ನೂ ಏರಿತು, ಅದು ಮುಂದಿನದನ್ನು ಬೀಳಿಸಿತು. ಎಷ್ಟು ಉತ್ಪಾದಿಸುತ್ತೇವೆ ಎಂದು ಎಣಿಸಿದರೆ ಸಾಲದು, ವೋಲ್ಟೇಜನ್ನು ಹಿಡಿದಿಡುವವರು ಯಾರು ಎಂದೂ ಮೊದಲೇ ತೀರ್ಮಾನ ಆಗಿರಬೇಕು.

ಮಧ್ಯಾಹ್ನದ ಕರೆಂಟನ್ನು ಮಧ್ಯಾಹ್ನವೇ ಬಳಸಿ

ಹೊರಗೆ ಹೋಗುವ ಕರೆಂಟ್ ಕಡಿಮೆಯಾದಷ್ಟೂ ವೋಲ್ಟೇಜ್ ಏರಿಕೆ ಕಡಿಮೆ. 2 ಕಿಲೋವ್ಯಾಟ್ ಗೀಸರ್ ಮಧ್ಯಾಹ್ನ ಓಡಿದರೆ ಎಂಟೊಂಬತ್ತು ಆಂಪಿಯರ್ ಮನೆಯಲ್ಲೇ ಖರ್ಚಾಗುತ್ತದೆ. ತೋಟದ ಮನೆಯಲ್ಲಿ ಈಗ ಗೀಸರ್, ಬಟ್ಟೆ ಒಗೆಯುವ ಮಷಿನ್, ತೊಟ್ಟಿಗೆ ನೀರೆತ್ತುವ ಮೋಟರ್ ಮೂರಕ್ಕೂ ಹನ್ನೊಂದರಿಂದ ಎರಡರ ಹೊತ್ತು. ಟೈಮರ್ ಹಾಕಿಕೊಟ್ಟೆ. ಸ್ಕೂಟರ್ ಚಾರ್ಜ್ ಕೂಡ ಆಗಲೇ. ಯಜಮಾನರ ತಾಯಿ ಮಾತ್ರ ಬೆಳಗಿನ ಸ್ನಾನಕ್ಕೆ ಹಂಡೆ ಒಲೆಯನ್ನೇ ನಂಬಿದ್ದಾರೆ, ಅದಕ್ಕೆ ನಾನು ಕೈ ಹಾಕಲಿಲ್ಲ.

ಊರಿನ ಮಟ್ಟದಲ್ಲಿ ಪಂಪ್‌ಸೆಟ್‌ಗಳಿಗೆ ಹಗಲು ತ್ರೀ ಫೇಸ್ ಕೊಡುವುದು ಇದೇ ಕೆಲಸ ಮಾಡುತ್ತದೆ. ಬಿಸಿಲಿನ ಕರೆಂಟನ್ನು ಅಲ್ಲೇ ಹೀರಿಕೊಳ್ಳುತ್ತದೆ. ರೈತ ರಾತ್ರಿ ಹಾವು ಚೇಳಿನ ಭಯದಲ್ಲಿ ನೀರು ಹಾಯಿಸಲು ಹೋಗುವುದೂ ತಪ್ಪುತ್ತದೆ. 2023ರಲ್ಲಿ ಕೇಂದ್ರ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮಗಳಲ್ಲಿ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು ಎಂದಿರುವುದೂ ಇದಕ್ಕೇ.

ಮಾಡಬಾರದ ಒಂದು ಕೆಲಸ

ಇನ್ವರ್ಟರ್‌ನ ಸೆಟ್ಟಿಂಗ್‌ನಲ್ಲಿ 253 ಇರುವುದನ್ನು 265ಕ್ಕೋ 270ಕ್ಕೋ ಏರಿಸಿ ಕೊಡುವವರು ಇದ್ದಾರೆ. ಐದು ನಿಮಿಷದ ಕೆಲಸ. ಕೆಂಪು ದೀಪ ಹೋಗುತ್ತದೆ, ಮನೆಯವರಿಗೂ ಖುಷಿ. ದಯವಿಟ್ಟು ಮಾಡಿಸಬೇಡಿ. ಅದು ನಿಯಮಕ್ಕೆ ವಿರುದ್ಧ. ಅದಕ್ಕಿಂತ ಮುಖ್ಯ, ಆ 265 ವೋಲ್ಟ್ ನಿಮ್ಮದೇ ಟಿವಿ, ಫ್ರಿಜ್‌ಗೆ ಹೋಗುತ್ತದೆ, ಕಂಬದಾಚೆ ಸೋಲಾರ್ ಇಲ್ಲದ ಮನೆಗಳಲ್ಲೂ ವೋಲ್ಟೇಜ್ ಏರುತ್ತದೆ. ಕಪ್ಪು ಹಿಡಿದ ಜಾಯಿಂಟ್ ಹಾಗೇ ಉಳಿಯುತ್ತದೆ, ಈಗ ಅದರಲ್ಲಿ ಇನ್ನೂ ಜಾಸ್ತಿ ಕರೆಂಟ್ ಹರಿಯುತ್ತದೆ.

ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಏನು ಬರೆಯಬೇಕು

ಸೋಲಾರ್ ಓಡುತ್ತಿಲ್ಲ ಎಂದು ಬರೆದರೆ ಹಾಕಿದವರನ್ನು ಕೇಳಿ ಎಂಬ ಉತ್ತರ ಬರುತ್ತದೆ. ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಎಂದರೆ, ಒಬ್ಬರು ಬಂದು ಸಂಜೆ ನಾಲ್ಕಕ್ಕೆ ಅಳೆದು 236 ಇದೆ, ಸರಿಯಾಗಿದೆ ಎಂದು ಹೋಗುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ತೋಟದ ಮನೆಯ ಲೈನಿನಲ್ಲಿ ಮಧ್ಯಾಹ್ನ 243 ಇತ್ತಲ್ಲ, ಅದೂ ಹಳೆಯ ಶೇ 6ರ ಲೆಕ್ಕದೊಳಗೇ ಇತ್ತು. ಆ 244ರ ಗೆರೆಗೂ ಇನ್ವರ್ಟರ್‌ನ 253ಕ್ಕೂ ನಡುವೆ ಇರುವ 9 ವೋಲ್ಟ್‌ನಲ್ಲೇ ನಮ್ಮ ಸಮಸ್ಯೆ ಸಿಕ್ಕಿಕೊಂಡಿದೆ.

ಅದಕ್ಕೆ ಬರವಣಿಗೆಯಲ್ಲಿ ಕೊಡಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್, ಟಿಸಿ ನಂಬರ್, ಸೋಲಾರ್ ಎಷ್ಟು ಕಿಲೋವ್ಯಾಟ್, ಯಾವ ಫೇಸ್. ಕೆಳಗೆ ಒಂದು ವಾರದ ಅಳತೆ, ಆನ್ ಮತ್ತು ಆಫ್ ಎರಡೂ, ಗಂಟೆ ಸಮೇತ. ಗರಗಸದ ಗ್ರಾಫಿನ ಒಂದು ಪ್ರತಿ. ಏನು ಬೇಕೆಂದು ಸ್ಪಷ್ಟವಾಗಿ ಕೇಳಿ: ಕಂಬದ ಜಾಯಿಂಟ್ ಪರಿಶೀಲನೆ, ಟಿಸಿಯಲ್ಲಿ ಒಂದು ವಾರ ವೋಲ್ಟೇಜ್ ದಾಖಲೆ, ಫೇಸ್ ಹಂಚಿಕೆ. 5 ಕಿಲೋವ್ಯಾಟ್‌ವರೆಗಿನ ಸೋಲಾರ್‌ಗೆ ಲೈನ್ ಬಲಪಡಿಸಬೇಕಾದರೆ ಆ ಖರ್ಚು ವಿತರಣಾ ಕಂಪನಿಯದ್ದೇ ಎಂದು 2024ರ ತಿದ್ದುಪಡಿಯಲ್ಲಿದೆ. ಅದನ್ನು ಪತ್ರದಲ್ಲಿ ನೆನಪಿಸಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಲು ಇದೇ ಕಾಗದ ಬೇಕು.

ಅಂಕಿ ಕೈಯಲ್ಲಿಟ್ಟುಕೊಂಡು ಹೋದವರ ಜೊತೆ ಎಂಜಿನಿಯರುಗಳು ಬೇರೆ ರೀತಿ ಮಾತಾಡುತ್ತಾರೆ. ತೋಟದ ಮನೆಯ ಫೇಸ್ ಬದಲಿಸಲು ಎರಡು ದಿನ ಹಿಡಿಯಿತು, ಅಷ್ಟೇ.

ಕೆಲಸ ಆದ ಮೇಲೆ ಇನ್ನೊಂದು ವಾರ ಅದೇ ಹೊತ್ತಿಗೆ ಅಳೆಯಿರಿ. ಆಮೇಲೆ ಮಳೆಗಾಲ ಮುಗಿದು ಆಕಾಶ ತಿಳಿಯಾದ ಕೂಡಲೇ ಒಮ್ಮೆ ಅಳೆಯಿರಿ. ಆಗ ಹೊಲದಲ್ಲಿ ತೇವ ಇರುತ್ತದೆ, ಪಂಪುಗಳು ನಿಂತಿರುತ್ತವೆ, ಬಿಸಿಲು ಮಾತ್ರ ಜೋರಾಗಿರುತ್ತದೆ. ವರ್ಷದಲ್ಲಿ ವೋಲ್ಟೇಜ್ ಅತಿ ಮೇಲೆ ಹೋಗುವುದು ನಾನು ನೋಡಿದಂತೆ ಆ ದಿನಗಳಲ್ಲೇ.